ಮಾನವ ಜೀನೋಮಿನ ನಕ್ಷೆ: ಅದು ಯಾರ ಡಿಎನ್‌ಎ?

ಪ್ರಶ್ನೆ: ಒಬ್ಬರ ಡಿಎನ್‌ಎ ಇನ್ನೊಬ್ಬರದರಂತೆ ಇರುವುದಿಲ್ಲ ಎನ್ನುತ್ತಾರೆ. ಹಾಗಾದರೆ ವಿಜ್ಞಾನಿಗಳು ಸಿದ್ಧಪಡಿಸಿದ ಮಾನವ ಜೀನೋಮಿನ ನಕ್ಷೆ ಯಾರದು? ಯಾರದೋ ಡಿಎನ್‌ಎ ಓದಿಟ್ಟರೆ ನನ್ನ ಕಾಯಿಲೆಗೆ ಏನು ಪ್ರಯೋಜನ?

ಉತ್ತರ: ಆ ನಕ್ಷೆ ಯಾವುದೇ ಒಬ್ಬ ವ್ಯಕ್ತಿಯದಲ್ಲ. ಜೀನೋಮ್ ಎಂದರೆ ಜೀವಿಯ ಒಟ್ಟು ಡಿಎನ್‌ಎ; ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. 1990ರಲ್ಲಿ ಆರಂಭವಾದ ಮಾನವ ಜೀನೋಮ್ ಯೋಜನೆಗೆ ಹಲವು ದಾನಿಗಳು ರಕ್ತ ಕೊಟ್ಟಿದ್ದರು; 1997ರಲ್ಲಿ ಅಮೆರಿಕದ ಬಫಲೋ ನಗರದ ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ನೋಡಿ ಮುಂದೆ ಬಂದವರೂ ಅವರಲ್ಲಿದ್ದರು. ಬೇಕಾದುದಕ್ಕಿಂತ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿ, ಹೆಸರುಗಳನ್ನು ತೆಗೆದುಹಾಕಿದ್ದರಿಂದ, ತಮ್ಮ ಡಿಎನ್‌ಎ ಬಳಕೆಯಾಯಿತೋ ಇಲ್ಲವೋ ಎಂಬುದು ಆ ದಾನಿಗಳಿಗೂ ತಿಳಿಯದು. ಹಾಗೆಂದು ಅದು ಎಲ್ಲರ ಸಮಪಾಲಿನ ಮಿಶ್ರಣವೂ ಅಲ್ಲ, ಏಕೆಂದರೆ ಅದರ ಸುಮಾರು ಶೇ 70ರಷ್ಟು ಭಾಗ ಒಬ್ಬನೇ ಅನಾಮಧೇಯ ದಾನಿಯಿಂದ ಬಂದದ್ದು. 2003ರ ಏಪ್ರಿಲ್‌ನಲ್ಲಿ ಯೋಜನೆ ಮುಗಿಯಿತೆಂದು ಘೋಷಿಸಿದಾಗಲೂ, ಒಂದೇ ಅಕ್ಷರಸರಣಿ ಮತ್ತೆ ಮತ್ತೆ ಬರುವ ಶೇ 8ರಷ್ಟು ಭಾಗ ಓದಲಾಗದೆ ಉಳಿದಿತ್ತು; ಅದು ತುಂಬಿದ್ದು 2022ರಲ್ಲಿ.

ಇನ್ನು ನಿಮ್ಮ ಕಾಯಿಲೆಯ ಮಾತು. ಈ ನಕ್ಷೆ ಆರೋಗ್ಯವಂತ ಮನುಷ್ಯನ ಆದರ್ಶ ಪ್ರತಿಯಲ್ಲ, ಹೋಲಿಸಿ ನೋಡಲು ಇಟ್ಟುಕೊಂಡ ಒಂದು ಅಳತೆಗೋಲು. ರೋಗಿಯ ರಕ್ತದಿಂದ ತೆಗೆದ ಡಿಎನ್‌ಎಯನ್ನು ಇಂದು ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ಸುಮಾರು 150 ಅಕ್ಷರಗಳ ಕೋಟಿಗಟ್ಟಲೆ ತುಣುಕುಗಳಾಗಿ ಓದುತ್ತವೆ. ಆ ತುಣುಕು ಯಾವ ವರ್ಣತಂತುವಿನ (ಡಿಎನ್‌ಎ ಸುತ್ತಿಟ್ಟಿರುವ ಎಳೆಯ) ಯಾವ ಜಾಗದ್ದು ಎಂದು ಹೇಳುವುದು ನಕ್ಷೆಯೇ. ಸುಮಾರು 300 ಕೋಟಿ ಅಕ್ಷರಗಳಲ್ಲಿ ಯಾರನ್ನೇ ಪರೀಕ್ಷಿಸಿದರೂ ನಕ್ಷೆಗಿಂತ ಭಿನ್ನವಾದ 40ರಿಂದ 50 ಲಕ್ಷ ತಾಣಗಳು ಸಿಗುತ್ತವೆ, ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಕಾಯಿಲೆಗೆ ಕಾರಣವಾದ ಒಂದೆರಡನ್ನು ಆರಿಸುವುದೇ ಕಷ್ಟದ ಕೆಲಸ.

ಈ ಹೋಲಿಕೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕುಡಗೋಲು ಕಣ ರೋಗವನ್ನು (ಸಿಕಲ್ ಸೆಲ್) ನೋಡಬೇಕು. 11ನೆಯ ವರ್ಣತಂತುವಿನಲ್ಲಿರುವ ಹಿಮೋಗ್ಲೋಬಿನ್ ವಂಶವಾಹಿಯಲ್ಲಿ (ಜೀನ್) ಜಿಎಜಿ ಎಂದಿರಬೇಕಾದ ಕಡೆ ಜಿಟಿಜಿ ಎಂದಾಗಿರುತ್ತದೆ. ಒಂದೇ ಅಕ್ಷರದ ಈ ಬದಲಾವಣೆಯಿಂದ ಕೆಂಪು ರಕ್ತಕಣಗಳು ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತವೆ. ರೋಗದ ಮೂಲ ನಕ್ಷೆಗಿಂತ ದಶಕಗಳ ಮೊದಲೇ ಗೊತ್ತಿತ್ತು, ಪರಿಹಾರದ ದಾರಿ ಮಾತ್ರ ಗೊತ್ತಿರಲಿಲ್ಲ. ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಕೆಲವರಲ್ಲಿ ದೊಡ್ಡವರಾದ ಮೇಲೂ ಹೆಚ್ಚಾಗಿ ಉಳಿಯುತ್ತದೆ, ಅಂಥವರಲ್ಲಿ ರೋಗದ ಬಾಧೆ ಕಡಿಮೆ. ಇದೇಕೆ ಎಂದು ಹಲವಾರು ಜನರ ಜೀನೋಮ್‌ಗಳನ್ನು ಹೋಲಿಸಿದಾಗ, 2007–08ರಲ್ಲಿ, ಉತ್ತರ ಸಿಕ್ಕಿದ್ದು 2ನೆಯ ವರ್ಣತಂತುವಿನ ಬಿಸಿಎಲ್11ಎ ಎಂಬ ವಂಶವಾಹಿಯಲ್ಲಿ; ಭ್ರೂಣದ ಹಿಮೋಗ್ಲೋಬಿನ್ ತಯಾರಿಕೆಯನ್ನು ತಡೆಯುವುದು ಅದೇ! ಅಲ್ಲಿ ಹುಡುಕಬೇಕೆಂದು ಮೊದಲೇ ಊಹಿಸಲು ಯಾವ ಕಾರಣವೂ ಇರಲಿಲ್ಲ. ರೋಗಿಯ ರಕ್ತ ತಯಾರಿಸುವ ಮೂಲಕೋಶಗಳಲ್ಲಿ ಆ ವಂಶವಾಹಿಯ ಸ್ವಿಚ್ಚನ್ನು, ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ತುಂಡರಿಸಿ, ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುವ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ನನ್ನ ಮಟ್ಟಿಗೆ ಜೀನೋಮ್ ಸಂಶೋಧನೆಯ ಅತ್ಯಂತ ಹೃದ್ಯವಾದ ಫಲ ಇದು.

ಔಷಧಿಯ ಆಯ್ಕೆಯಲ್ಲಿಯೂ ಇದರ ಉಪಯೋಗವಿದೆ. ಎಚ್‌ಐವಿಗೆ ಕೊಡುವ ಅಬಾಕವಿರ್ ಮಾತ್ರೆ ಕೆಲವರಲ್ಲಿ ಪ್ರಾಣಾಪಾಯದ ಅಲರ್ಜಿ ಉಂಟುಮಾಡುತ್ತಿತ್ತು. ಎಚ್‌ಎಲ್‌ಎ-ಬಿ 57:01 ಎಂಬ ವಂಶವಾಹಿ ರೂಪಾಂತರ ಇದೆಯೇ ಎಂದು ಮೊದಲೇ ಪರೀಕ್ಷಿಸಿ, ಇದ್ದವರಿಗೆ ಆ ಮಾತ್ರೆಯನ್ನು ಈಗ ಕೊಡುವುದಿಲ್ಲ.

ಆದರೆ ‘ಯಾರದು’ ಎಂಬ ನಿಮ್ಮ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಹೋಲಿಕೆಗೆ ಬಳಸುವ ದತ್ತಾಂಶ ಬಹುಪಾಲು ಯುರೋಪ್ ಮೂಲದ ಜನರದ್ದಾಗಿರುವುದರಿಂದ, ಉಳಿದವರಲ್ಲಿ ಸಹಜವಾಗಿರುವ ಬದಲಾವಣೆಯನ್ನೂ ದೋಷವೆಂದು ಓದುವ ಅಪಾಯವಿದೆ. ಹೃದಯದ ಸ್ನಾಯು ದಪ್ಪವಾಗುವ ಆನುವಂಶಿಕ ಕಾಯಿಲೆಯ ಪರೀಕ್ಷೆಯಲ್ಲಿ ಹೀಗೇ ಆಯಿತು: ಕಪ್ಪು ಅಮೆರಿಕನ್ನರಲ್ಲಿ ಸಾಮಾನ್ಯವಾದ ಕೆಲವು ನಿರುಪದ್ರವಿ ರೂಪಾಂತರಗಳನ್ನು ರೋಗಕಾರಕವೆಂದು ವರದಿ ಮಾಡಲಾಗಿತ್ತೆಂದು 2016ರಲ್ಲಿ ಬೆಳಕಿಗೆ ಬಂತು. ಇಲ್ಲದ ಕಾಯಿಲೆಯ ಭಯವನ್ನು ಹೊತ್ತು ಬದುಕುವುದು ಸಣ್ಣ ಸಂಕಟವಲ್ಲ. ಒಂದೇ ನಕ್ಷೆಯ ಬದಲು ಹಲವು ನಕ್ಷೆಗಳನ್ನು ಜೋಡಿಸಿಡುವ ಕೆಲಸ ಈಗ ನಡೆದಿದೆ. 2023ರ ಮೇ ತಿಂಗಳಲ್ಲಿ ಪ್ರಕಟವಾದ ಮೊದಲ ಕರಡಿನಲ್ಲಿ ಬೇರೆ ಬೇರೆ ಮೂಲದ 47 ಜನರ ಜೀನೋಮ್‌ಗಳಿವೆ. ತಾಯಿಯಿಂದ ಬಂದ ಪ್ರತಿ ಒಂದು, ತಂದೆಯಿಂದ ಬಂದದ್ದು ಒಂದು ಎಂದು ಒಬ್ಬೊಬ್ಬರದೂ ಎರಡರಂತೆ ಒಟ್ಟು 94.