ಹಾರ್ಟ್‌ಗೆ ಬರೀ ವಾಕಿಂಗ್ ಸಾಕಾ, ಇಲ್ಲಾ ಓಡ್ಲೇಬೇಕಾ?

ಪ್ರಶ್ನೆ: ನಂಗೆ 52 ವರ್ಷ. ದಿನಾ ಅರ್ಧ ಗಂಟೆ ಪಾರ್ಕಲ್ಲಿ ವಾಕ್ ಮಾಡ್ತೀನಿ. ಇದ್ರಿಂದ ಹಾರ್ಟ್‌ಗೆ ಏನೂ ಆಗಲ್ಲ, ಜಿಮ್ ಸೇರ್ಕೋ ಅಂತಾನೆ ಮಗ. ಅಪ್ಪು ಹೋದ್ಮೇಲೆ ನಂಗೆ ಜಿಮ್ ಅಂದ್ರೇನೇ ಭಯ. ಏನ್ ಮಾಡ್ಲಿ?

ಉತ್ತರ: ವಾಕಿಂಗ್ ಸಾಕು, ಆದ್ರೆ ಬಿರುಸಾಗಿ ನಡೀಬೇಕು. ಅಮೆರಿಕದಲ್ಲಿ 72 ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನ ವರ್ಷಗಟ್ಟಲೆ ಗಮನಿಸಿ 1999ರಲ್ಲಿ ಬಂದ ಸ್ಟಡಿ ಪ್ರಕಾರ, ಬಿರುಸಾಗಿ ನಡೆಯೋರಿಗೂ ಜೋರಾಗಿ ವ್ಯಾಯಾಮ ಮಾಡೋರಿಗೂ ಹಾರ್ಟ್ ಅಟ್ಯಾಕ್ ರಿಸ್ಕ್ ಹೆಚ್ಚುಕಮ್ಮಿ ಒಂದೇ ಥರ ಇಳಿದಿತ್ತು. ನಮ್ಮ ಪಾರ್ಕ್‌ಗಳಲ್ಲಿ ನಾನು ನೋಡೋದು ಬೇರೆ, ಮೂರು ಜನ ಸಾಲಾಗಿ ಸೈಟ್ ರೇಟು, ಮಗಳ ಮದ್ವೆ ಅಂತ ಮಾತಾಡ್ಕೊಂಡು ಹೋಗ್ತಾರೆ, ಪ್ರತಿ ರೌಂಡಿಗೂ ಅದೇ ಬೆಂಚ್ ಹತ್ರ ನಿಲ್ತಾರೆ, ಮನೆಗೆ ಹೋಗುವಾಗ್ಲೂ ಹಣೆ ಮೇಲೆ ಒಂದು ಹನಿ ಬೆವರಿರಲ್ಲ. ಮನಸ್ಸಿಗೆ ಒಳ್ಳೇದೇ ಅದು, ಸುಮ್ನೆ ಕೂತಿರೋದಕ್ಕಿಂತ ಎಷ್ಟೋ ವಾಸಿ, ಆದ್ರೆ ಹಾರ್ಟ್‌ಗೆ ಕೆಲಸ ಕಮ್ಮಿ.

ಸ್ಪೀಡ್ ಸರಿಯಿದ್ಯಾ ಅಂತ ನೋಡೋಕೆ ವಾಚ್ ಬೇಡ. ನಡೀತಾ ಪಕ್ಕದವ್ರ ಹತ್ರ ಮಾತಾಡೋಕಾಗ್ಬೇಕು, ಆದ್ರೆ ಹಾಡು ಹೇಳೋಕೆ ಹೋದ್ರೆ ಸಾಲಿನ ಮಧ್ಯದಲ್ಲೇ ಉಸಿರು ತಗೋಬೇಕಾಗತ್ತೆ, ಇದು ಮಧ್ಯಮ ತೀವ್ರತೆ. ನಾಲ್ಕು ಪದಕ್ಕೇ ಏದುಸಿರು ಬಂದ್ರೆ ಜೋರು. ವಾರಕ್ಕೆ ಮಧ್ಯಮದ್ದು 150ರಿಂದ 300 ನಿಮಿಷ ಅಥವಾ ಜೋರಿಂದು 75ರಿಂದ 150 ನಿಮಿಷ ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಜೋರು ಮಾಡಿದ್ರೆ ಅರ್ಧ ಟೈಮ್ ಸಾಕು. ಬೀಟಾ ಬ್ಲಾಕರ್ (ಬಿಪಿಗೆ, ಹಾರ್ಟ್‌ಗೆ ಕೊಡೋ ಒಂದು ಥರದ) ಮಾತ್ರೆ ತಗೊಳೋರಿಗೆ ಪಲ್ಸ್ ಏರೋದೇ ಕಮ್ಮಿ, ಅವ್ರು ಪಲ್ಸ್ ಹೆಚ್ಚೆಂದ್ರೆ ಎಷ್ಟು ಏರ್ಬಹುದು ಅಂತ 220ರಲ್ಲಿ ವಯಸ್ಸು ಕಳೆಯೋ ಲೆಕ್ಕ ನಂಬೋಕೆ ಹೋಗ್ಬಾರ್ದು, ಈ ಮಾತಿನ ಟೆಸ್ಟೇ ವಾಸಿ.

ಇನ್ನು ಜಿಮ್ ಭಯ. 2021ರ ಅಕ್ಟೋಬರ್ 29 ನಮ್ಮಲ್ಲಿ ಯಾರೂ ಮರೆಯಲ್ಲ, ಆದ್ರೆ ಅದನ್ನ ನೆನೆಸ್ಕೊಂಡು ವ್ಯಾಯಾಮಾನೇ ಬಿಡೋದು ತಪ್ಪು. ಹಾರ್ಟ್ ಅಟ್ಯಾಕ್ ಆದ ಸಾವಿರಕ್ಕೂ ಹೆಚ್ಚು ಜನರನ್ನ ವಿಚಾರಿಸಿದ ಒಂದು ಅಮೆರಿಕನ್ ಸ್ಟಡಿ 1993ರಲ್ಲಿ ಬಂತು. ಅದ್ರಲ್ಲಿ, ಯಾವತ್ತೋ ಒಂದಿನ ಮೈ ಬಗ್ಗಿಸೋರಿಗೆ ಭಾರೀ ಶ್ರಮದ ಹೊತ್ತಲ್ಲಿ ಅಟ್ಯಾಕ್ ರಿಸ್ಕ್ ಸುಮ್ನಿರೋ ಹೊತ್ತಿಗಿಂತ 100 ಪಟ್ಟಿಗೂ ಜಾಸ್ತಿ ಇತ್ತು, ವಾರಕ್ಕೆ ಐದು ಸಲಾನೋ ಅದಕ್ಕಿಂತ ಹೆಚ್ಚೋ ಮಾಡೋರಿಗೆ ಬರೀ 2.4 ಪಟ್ಟು. 100 ಪಟ್ಟು ಅಂದ್ರೂ ಆ ಒಂದು ಗಂಟೆಯ ರಿಸ್ಕ್ ತೀರಾ ಸಣ್ಣದೇ, ಗಾಬರಿ ಬೇಡ. ನಿಜವಾದ ಅಪಾಯ ಇರೋದು ಅಭ್ಯಾಸ ಇಲ್ದೆ ಏಕಾಏಕಿ ಜೋರು ಮಾಡೋದ್ರಲ್ಲಿ, ಭಾನುವಾರ ಮಾತ್ರ ಕ್ರಿಕೆಟ್ ಆಡೋರು ಇದನ್ನ ದಯವಿಟ್ಟು ಗಮನಿಸಿ.

ಹಾಗಾಗಿ ಈ ವಾರ ಪ್ರತಿ ಹತ್ತು ನಿಮಿಷಕ್ಕೆ ಎರಡು ನಿಮಿಷ ಬೇಗ ನಡೀರಿ, ಮುಂದಿನ ವಾರ ಮೂರು ಮಾಡಿ, ಒಂದೆರಡು ತಿಂಗಳಲ್ಲಿ ಪೂರ್ತಿ ಅರ್ಧ ಗಂಟೆ ಬಿರುಸಾಗಿ ಬರತ್ತೆ. ಶುಗರ್, ಬಿಪಿ, ಸಿಗರೇಟು, ಮನೇಲಿ ಚಿಕ್ಕ ವಯಸ್ಸಲ್ಲಿ ಹಾರ್ಟ್ ತೊಂದ್ರೆ ಆದೋರು, ಇದ್ರಲ್ಲಿ ಏನಿದ್ರೂ ಜಿಮ್‌ಗೆ ಮುಂಚೆ ಡಾಕ್ಟರ್ ಹತ್ರ ಹೋಗಿ. ನಡೆಯುವಾಗ ಎದೆ ಹಿಂಡಿದ ಹಾಗಾಗಿ ಅದು ದವಡೆಗೋ ತೋಳಿಗೋ ಹರಡಿದ್ರೆ, ತಣ್ಣನೆ ಬೆವರು ಬಂದ್ರೆ, ಗ್ಯಾಸ್ ಇರ್ಬೇಕು ಅಂತ ಸೋಡಾ ಕುಡ್ಕೊಂಡು ಕೂರಬೇಡಿ, ಅಲ್ಲೇ ನಿಂತು ಯಾರನ್ನಾದ್ರೂ ಕರೆದು 108ಕ್ಕೆ ಫೋನ್ ಮಾಡಿಸಿ.