ಮೇಷ್ಟ್ರಿಗೆ ಡಿಎ ಶೇ 53, ಕಚೇರಿಯವರಿಗೆ ಶೇ 10.75: ಯಾಕೆ ಹೀಗೆ?

ಪ್ರಶ್ನೆ: ನಾನು ರಾಜ್ಯದ ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). 2024ರ ಕೊನೆಯಲ್ಲಿ ತುಟ್ಟಿಭತ್ಯೆ (ಡಿಎ) ಆದೇಶ ಬಂದಾಗ ನಮಗೆ ಶೇ 10.75, ಅದೇ ಕ್ಯಾಂಪಸ್ಸಿನ ಸಹಾಯಕ ಪ್ರಾಧ್ಯಾಪಕರಿಗೆ ಶೇ 53. ಈ ತಾರತಮ್ಯ ಮಾಡಿದ್ದು ಯಾರು, ಕುಲಪತಿಗಳೇ?

ಉತ್ತರ: ಪಾಪ, ಕುಲಪತಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಮಂಜೂರಾದ ಹುದ್ದೆಯ ಸಂಬಳದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡುವ ಅಧಿಕಾರ ಅವರಿಗಿಲ್ಲ. ಒಂದೇ ಗೇಟಿನೊಳಗೆ ಎರಡು ವೇತನ ಪದ್ಧತಿಗಳಿವೆ. ಬೋಧಕರದ್ದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಶ್ರೇಣಿ. ಅದನ್ನು ನಿಗದಿ ಮಾಡುವುದು ಕೇಂದ್ರ, ಒಪ್ಪಿ ಜಾರಿಗೆ ತರುವುದು ರಾಜ್ಯ. ನಿಮ್ಮದು ರಾಜ್ಯ ಸರ್ಕಾರಿ ನೌಕರರ ಶ್ರೇಣಿ, ಅಂದರೆ ರಾಜ್ಯ ವೇತನ ಆಯೋಗದ ಲೆಕ್ಕ.

ಇನ್ನು ಡಿಎ. 53 ಮತ್ತು 10.75 ಅನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಹೊಟ್ಟೆ ಉರಿಯುವುದು ಸಹಜ, ಆದರೆ ಎರಡೂ ಶುರುವಾಗುವ ವರ್ಷವೇ ಬೇರೆ. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ಹಿಂದಿನ 21,600ಕ್ಕೆ 2.67ರಿಂದ ಗುಣಿಸಿ ಬಂದ ಮೊತ್ತವಿದು, 1 ಜನವರಿ 2016ರಿಂದ ಅನ್ವಯ. ಅಲ್ಲಿಂದೀಚೆಗಿನ ಬೆಲೆಯೇರಿಕೆಯೆಲ್ಲ ಆ 53ರೊಳಗೆ ಕೂತಿದೆ.

ನಿಮ್ಮ ಕಡೆ ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗ ಹಳೆಯ ಡಿಎಯನ್ನು ಮೂಲವೇತನದಲ್ಲೇ ಸೇರಿಸಿಬಿಟ್ಟಿತು. ಕನಿಷ್ಠ ವೇತನದ ಲೆಕ್ಕ ನೋಡಿ: ಹಳೆಯದು 17,000. ಅದರ ಶೇ 31 ಡಿಎ, 5,270. ಹೊಸ ಹೆಚ್ಚಳ ಶೇ 27.5, ಅಂದರೆ 4,675. ಕೂಡಿದರೆ 26,945, ನಿಗದಿಯಾದದ್ದು 27,000. ನಿಮ್ಮ ಹುದ್ದೆಯ ಆರಂಭಿಕ ವೇತನ 21,400ರಿಂದ 34,100 ಆದದ್ದೂ ಇದೇ ದಾರಿಯಲ್ಲಿ. ಕೈಗೆ ಹಣ ಬಂದದ್ದು 1 ಆಗಸ್ಟ್ 2024ರಿಂದಾದರೂ ಡಿಎ ಎಣಿಕೆ ಜುಲೈ 2022ರಿಂದ ಹೊಸದಾಗಿ ಶುರುವಾಯಿತು. ಆದ್ದರಿಂದಲೇ 10.75.

ಹಾಗಂತ ಎರಡೂ ಸಮ ಎಂದು ನಾನು ಹೇಳುವುದಿಲ್ಲ. ನಿಜವಾದ ಅಂತರ ಇರುವುದು ಡಿಎಯಲ್ಲಲ್ಲ, ಮೂಲವೇತನದಲ್ಲಿ ಮತ್ತು ಮೇಲೇರುವ ದಾರಿಯಲ್ಲಿ. ಪಿಎಚ್‌ಡಿ ಇರುವ ಸಹಾಯಕ ಪ್ರಾಧ್ಯಾಪಕರು ಹುದ್ದೆ ಖಾಲಿಯಾಗಲಿ ಎಂದು ಕಾಯಬೇಕಿಲ್ಲ. ನಾಲ್ಕು ವರ್ಷ ತುಂಬಿ, ಉಳಿದ ಷರತ್ತುಗಳೂ ಪೂರೈಸಿದರೆ 68,900ರಿಂದ ಶುರುವಾಗುವ ಹಂತಕ್ಕೆ ಅರ್ಹರು. ಎಂ.ಫಿಲ್ ಇದ್ದರೆ ಐದು, ಎರಡೂ ಇಲ್ಲದಿದ್ದರೆ ಆರು ವರ್ಷ. ನೀವು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಬೇಕಾದರೆ ಮೇಲೆ ಜಾಗ ಖಾಲಿಯಿರಬೇಕು, ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸರದಿಯೂ ಬರಬೇಕು. ದೂರುವುದಾದರೆ ಇದನ್ನು ದೂರಿ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಸಂಬಳದ ಮಾತು ನಿಜವಾಗಿ ನಡೆಯುವುದು ಮಂಜೂರಾದ ಹುದ್ದೆಯಿಲ್ಲದವರ ವಿಷಯದಲ್ಲಿ. ಅತಿಥಿ ಉಪನ್ಯಾಸಕರಿಗೆ ಯುಜಿಸಿ 2019ರಲ್ಲಿ ತರಗತಿಗೆ 1,500, ತಿಂಗಳಿಗೆ ಗರಿಷ್ಠ 50,000 ಎಂದಿತು. ಆದರೆ ಆ ಹಣ ಎಷ್ಟೋ ಕಡೆ ವಿವಿಯ ಸ್ವಂತ ಆದಾಯದಿಂದಲೇ ಹೊರಡಬೇಕು. ಪರೀಕ್ಷಾ ಶುಲ್ಕ ಕಡಿಮೆ ಬಂದ ವರ್ಷ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. ಹೊರಗುತ್ತಿಗೆಯವರ ಸಂಬಳವಂತೂ ಏಜೆನ್ಸಿ ಮೂಲಕ ಬರುತ್ತದೆ. ಇವರ್ಯಾರಿಗೂ 53 ಇಲ್ಲ, 10.75 ಕೂಡ ಇಲ್ಲ.