ಅಪ್‌ಡೇಟ್ ಆದ ಮೇಲೆ ರಿವರ್ಸ್ ಕ್ಯಾಮೆರಾ ಯಾಕೆ ನಿಂತಿತು?

ಪ್ರಶ್ನೆ: ನನ್ನ ಊರು ವಿಜಯಪುರ, ಈಗ ಇರೋದು ಪುಣೆಯ ವಾಕಡ್‌ನಲ್ಲಿ. ಮೂರು ವರ್ಷದ ಹಿಂದೆ ದುಡ್ಡು ಉಳಿಸೋಣ ಅಂತ ಕೆಳಗಿನ ಮಾಡೆಲ್ ಕಾರು ತಗೊಂಡೆ. ರಿವರ್ಸ್ ಕ್ಯಾಮೆರಾ ಹೊರಗೆ ಹಾಕಿಸಿ, ಕಂಪನಿ ಸ್ಕ್ರೀನಿಗೇ ಜೋಡಿಸಿಕೊಂಡೆ. ಕಳೆದ ವಾರ ಸರ್ವಿಸಿಗೆ ಬಿಟ್ಟಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದಾರೆ. ಈಗ ರಿವರ್ಸ್ ಹಾಕಿದರೂ ಸ್ಕ್ರೀನಿನಲ್ಲಿ ರೇಡಿಯೋನೇ ಕಾಣುತ್ತದೆ. ಕೇಳಿದರೆ ‘ಹೊರಗಿನ ಮಾಲು, ನಮಗೆ ಸಂಬಂಧ ಇಲ್ಲ’ ಅಂತಾರೆ. ಇನ್ನು ಮೇಲೆ ಅಪ್‌ಡೇಟೇ ಬೇಡ ಅಂದುಬಿಡಲಾ ಸರ್?

ಉತ್ತರ: ಬೇಡ ಅನ್ನಬೇಡಿ. ನಿಮ್ಮ ಕ್ಯಾಮೆರಾ ಬಹುಶಃ ಸತ್ತಿಲ್ಲ. ಸ್ಕ್ರೀನ್ ಅದನ್ನು ಮರೆತಿದೆ, ಅಷ್ಟೇ.

ನಿಮ್ಮಂಥವರು ಬಹಳ ಜನ ಇದ್ದಾರೆ. 2019ರ ಜುಲೈಯಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆಯಿತು. ಕ್ಯಾಮೆರಾ ಕಡ್ಡಾಯ ಆಗಲಿಲ್ಲ. ಹಾಗಾಗಿ ಕೆಳಗಿನ ಮಾಡೆಲ್‌ಗಳಲ್ಲಿ ಸ್ಕ್ರೀನ್ ಇರುತ್ತದೆ, ಬೀಪ್ ಇರುತ್ತದೆ, ಕ್ಯಾಮೆರಾ ಇರುವುದಿಲ್ಲ. ಆದರೆ ಸ್ಕ್ರೀನ್ ಒಳಗಿನ ಸಾಫ್ಟ್‌ವೇರ್ ಎಷ್ಟೋ ಕಾರುಗಳಲ್ಲಿ ಎಲ್ಲ ಮಾಡೆಲ್‌ಗೂ ಒಂದೇ. ‘ಈ ಕಾರಿಗೆ ಕ್ಯಾಮೆರಾ ಇದೆಯಾ, ಇಲ್ಲವಾ’ ಅನ್ನುವುದು ಅದರೊಳಗೆ ಒಂದು ಸೆಟ್ಟಿಂಗ್ ಮಾತ್ರ. ಅಂಗಡಿಯವನು ಮೂರು ವರ್ಷದ ಹಿಂದೆ ಆ ‘ಇಲ್ಲ’ವನ್ನು ‘ಇದೆ’ ಮಾಡಿಕೊಟ್ಟಿರುತ್ತಾನೆ. ಇದಕ್ಕೇ ಕೋಡಿಂಗ್ ಅನ್ನುತ್ತಾರೆ. ಅಪ್‌ಡೇಟ್ ಆದಾಗ ಆ ಸೆಟ್ಟಿಂಗ್ ಕಾರ್ಖಾನೆಯಿಂದ ಬಂದ ದಿನದ ಹಾಗೆ ಆಗಿಬಿಡಬಹುದು. ಕಂಪನಿಯ ಲೆಕ್ಕದಲ್ಲಿ ನಿಮ್ಮ ಕಾರಿಗೆ ಕ್ಯಾಮೆರಾನೇ ಇಲ್ವಲ್ಲ!

ಪರೀಕ್ಷೆ ಮಾಡೋದು ಸುಲಭ. ರಾತ್ರಿ ಹೊತ್ತು ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಇಟ್ಟು, ಕೀ ಆನ್ ಮಾಡಿ ರಿವರ್ಸ್ ಹಾಕಿ. ಹಿಂದೆ ಒಬ್ಬರನ್ನು ನಿಲ್ಲಿಸಿ. ಕ್ಯಾಮೆರಾದ ಸುತ್ತ ಚಿಕ್ಕ ದೀಪಗಳಿದ್ದರೆ ಅವು ಹೊತ್ತಿಕೊಳ್ಳಬೇಕು. ಹೊತ್ತಿದರೆ ಕರೆಂಟ್ ಬರುತ್ತಿದೆ, ಮರೆವು ಬಹುಶಃ ಸ್ಕ್ರೀನಿನದ್ದು. ಕ್ಯಾಮೆರಾ ಹಾಕಿದವನ ಹತ್ತಿರ ಹೋಗಿ ಮತ್ತೆ ಕೋಡಿಂಗ್ ಮಾಡಿಸಿ. ಹೊತ್ತದಿದ್ದರೆ ವೈರು ನೋಡಬೇಕು. ಇಂಥ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ರಿವರ್ಸ್ ಲೈಟಿನ ವೈರಿನಿಂದ ಕರೆಂಟ್ ಕೊಟ್ಟಿರುತ್ತಾರೆ. ಸರ್ವಿಸ್ ಹೊತ್ತಿನಲ್ಲಿ ಯಾರಾದರೂ ಡಿಕ್ಕಿಯ ಒಳಗಿನ ಟ್ರಿಮ್ ಬಿಚ್ಚಿದ್ದರೆ ಆ ಜೋಡಣೆ ಸಡಿಲ ಆಗಿರಬಹುದು.

ಈಗ ನಿಮ್ಮ ದೊಡ್ಡ ಪ್ರಶ್ನೆ, ಅಪ್‌ಡೇಟ್ ಬೇಕಾ ಬೇಡವಾ. ಎಲ್ಲ ಅಪ್‌ಡೇಟೂ ಒಂದೇ ಅಲ್ಲ. ಕೆಲವು ಸ್ಕ್ರೀನಿಗೆ ಸೇರಿದವು: ಮ್ಯಾಪ್, ಬ್ಲೂಟೂತ್, ಫೋನ್ ಜೋಡಣೆ. ಕೆಲವು ಬ್ರೇಕು, ಇಂಜಿನ್, ಗೇರ್‌ಬಾಕ್ಸ್, ಏರ್‌ಬ್ಯಾಗ್ ನೋಡಿಕೊಳ್ಳುವ ಕಂಪ್ಯೂಟರುಗಳಿಗೆ ಸೇರಿದವು. ಎರಡನೆಯದು ಎಷ್ಟು ದೊಡ್ಡ ವಿಷಯ ಅನ್ನಲು 2018ರ ಒಂದು ಉದಾಹರಣೆ ಸಾಕು. ಗ್ರಾಹಕರ ಪರವಾಗಿ ಸಾಮಾನು ಪರೀಕ್ಷಿಸುವ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಟೆಸ್ಲಾ ಮಾಡೆಲ್ 3 ಪರೀಕ್ಷೆ ಮಾಡಿದಾಗ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕಾಯಿತು. ಕಂಪನಿ ಇಂಟರ್ನೆಟ್ ಮೂಲಕವೇ ಕಾರುಗಳಿಗೆ ಒಂದು ಅಪ್‌ಡೇಟ್ ಕಳಿಸಿತು. ಮತ್ತೆ ನೋಡಿದರೆ 133 ಅಡಿ. ಬ್ರೇಕ್ ಪ್ಯಾಡ್ ಬದಲಿಸಲಿಲ್ಲ, ಟೈರ್ ಬದಲಿಸಲಿಲ್ಲ. 19 ಅಡಿ ಅಂದರೆ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಖಂಡಾಳಾ ಘಾಟ್ ಇಳಿಯುವಾಗ ಮುಂದೆ ಟ್ರಕ್ ಇದ್ದರೆ ಆ 19 ಅಡಿಯ ಬೆಲೆ ಗೊತ್ತಾಗುತ್ತದೆ.

ಇನ್ನೊಂದು 2015ರದ್ದು. ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿಯೊಂದನ್ನು ದೂರದಿಂದಲೇ ಇಂಟರ್ನೆಟ್ ಮೂಲಕ ಹಿಡಿತಕ್ಕೆ ತಗೊಂಡು ತೋರಿಸಿದರು. ಒಳಗೆ ನುಗ್ಗಿದ ದಾರಿ ಯಾವುದು ಅಂದುಕೊಂಡಿರಿ? ಹಾಡು ಕೇಳುವ ಅದೇ ಸ್ಕ್ರೀನ್. ಕಂಪನಿ ಸುಮಾರು 14 ಲಕ್ಷ ಗಾಡಿಗಳಿಗೆ ರೀಕಾಲ್, ಅಂದರೆ ದೋಷ ಸರಿಪಡಿಸುವ ಕರೆ, ಕೊಟ್ಟು ಮಾಲೀಕರಿಗೆ ಪೆನ್‌ಡ್ರೈವ್‌ನಲ್ಲಿ ಅಪ್‌ಡೇಟ್ ಕಳಿಸಿತು. ಹಾಗಾಗಿ ‘ಬರೀ ಸ್ಕ್ರೀನ್ ಅಪ್‌ಡೇಟ್ ತಾನೇ’ ಅಂತ ವರ್ಷಗಟ್ಟಲೆ ಬಿಡುವುದೂ ಸರಿಯಲ್ಲ.

ಹಾಗಂತ ಬಂದ ದಿನವೇ ಒತ್ತಿಬಿಡಿ ಅಂತಲೂ ಹೇಳಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದ ಎಲೆಕ್ಟ್ರಿಕ್ ಗಾಡಿ ಕಂಪನಿ ರಿವಿಯನ್ ತಪ್ಪು ಸರ್ಟಿಫಿಕೇಟ್ (ಸಾಫ್ಟ್‌ವೇರ್ ಅಸಲಿ ಅಂತ ಹೇಳುವ ಡಿಜಿಟಲ್ ಗುರುತು) ಇದ್ದ ಅಪ್‌ಡೇಟ್ ಕಳಿಸಿ, ಒಂದಷ್ಟು ಗ್ರಾಹಕರ ಸ್ಕ್ರೀನ್‌ಗಳು ಕೈಕೊಟ್ಟವು. ಕಾರು ಓಡುತ್ತಿತ್ತು, ಸ್ಕ್ರೀನ್ ಸತ್ತಿತ್ತು. ನನ್ನ ಪದ್ಧತಿ ಇಷ್ಟು. ರೀಕಾಲ್ ಅಂತ ಬಂದದ್ದನ್ನು, ಬ್ರೇಕು ಏರ್‌ಬ್ಯಾಗಿಗೆ ಸೇರಿದ್ದನ್ನು ತಡ ಮಾಡದೆ ಹಾಕಿಸುತ್ತೇನೆ. ಸ್ಕ್ರೀನಿನದ್ದು ಒಂದೆರಡು ವಾರ ಬಿಟ್ಟು. ಒಮ್ಮೆ ಹಾಕಿದರೆ ಹಳೆಯದಕ್ಕೆ ವಾಪಸ್ ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ, ಅದಕ್ಕೆ ಈ ತಾಳ್ಮೆ. ಮನೆಯಲ್ಲೇ ಹಾಕುವುದಾದರೆ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಶುರು ಮಾಡಬೇಡಿ, ನೆಟ್‌ವರ್ಕ್ ಅರ್ಧಕ್ಕೆ ಹೋದೀತು. ಆಫೀಸಿಗೆ ಹೊರಡುವ ಹತ್ತು ನಿಮಿಷ ಮೊದಲಂತೂ ಬೇಡವೇ ಬೇಡ.

ಗೇರ್‌ಬಾಕ್ಸಿನ ಅಪ್‌ಡೇಟ್ ಆದ ಮೇಲೆ ನಾಲ್ಕು ದಿನ ಗಾಡಿ ಬೇರೆ ಥರ ಅನ್ನಿಸಿದರೆ ಗಾಬರಿ ಬೇಡ. ಎಎಂಟಿ ಗಾಡಿಗಳು, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾವೇ ಗೇರ್ ಬದಲಿಸುವವು, ಕ್ಲಚ್ ಎಷ್ಟು ಸವೆದಿದೆ ಅಂತ ಕಲಿತುಕೊಂಡಿರುತ್ತವೆ. ಅಪ್‌ಡೇಟಿನಲ್ಲಿ ಆ ಕಲಿಕೆ ಅಳಿಸಿಹೋಗಬಹುದು, ಮತ್ತೆ ಕಲಿಸಬೇಕು.

ಒಂದು ಮಾತು ಸರ್ವಿಸ್‌ನವರ ಪರವಾಗಿ. ಇಂಜಿನ್ ಕಂಪ್ಯೂಟರಿಗೆ ಅಪ್‌ಡೇಟ್ ಹಾಕುವಾಗ ಬ್ಯಾಟರಿ ವೋಲ್ಟೇಜ್ ಕುಸಿಯಬಾರದು. ಅರ್ಧ ಬರೆದಾಗ ಕುಸಿದರೆ ಆ ಕಂಪ್ಯೂಟರ್ ಕೆಲಸಕ್ಕೇ ಬಾರದಂತೆ ಆಗಬಹುದು. ಅದಕ್ಕೇ ಅವರು ಬ್ಯಾಟರಿಗೆ ಚಾರ್ಜರ್ ಕಚ್ಚಿಸಿ ಕೆಲಸ ಮಾಡುತ್ತಾರೆ. ಅಂಥಾ ಹೊತ್ತಲ್ಲಿ ಎಲ್ಲೋ ಒಂದು ಗುಪ್ತ ವೈರು ಕರೆಂಟ್ ಕುಡಿಯುತ್ತಾ ಕೂತರೆ ಯಾರಿಗೆ ಇಷ್ಟ ಆಗುತ್ತೆ?

ಗುಪ್ತ ವೈರಿನ ಮಾತು ನಾನು ಸುಮ್ನೆ ಹೇಳುತ್ತಿಲ್ಲ. ನನ್ನ ಕಾರಿಗೆ ಡ್ಯಾಶ್‌ಕ್ಯಾಮ್ (ಮುಂದಿನ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸಿದಾಗ ಅಂಗಡಿಯ ಹುಡುಗ ಒಳಗಿನ ಲೈಟಿನ ವೈರು ಸುಲಿದು, ತಿರುಚಿ, ಟೇಪ್ ಸುತ್ತಿದ. ಕೇಳಿದ್ದಕ್ಕೆ ‘ಕಾಹೀ ನಾಹೀ ಹೋತ್, ಸಾಹೇಬ್’ ಅಂದ. ಏನೂ ಆಗಲ್ಲ ಅಂತ. ಆಮೇಲೆ ಕಾರು ಇಲ್ಲೇ ಪುಣೆಯಲ್ಲಿ ಬಿಟ್ಟು ರೈಲಿನಲ್ಲಿ ಧಾರವಾಡಕ್ಕೆ ಹೋದೆ. ಐದು ದಿನ ಬಿಟ್ಟು ಬಂದರೆ ರಿಮೋಟ್ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಲೆಕ್ಕ ಹಾಕಿ ನೋಡಿ. ಪಾರ್ಕಿಂಗಿನಲ್ಲೂ ಓಡುವ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೂ ದಿನಕ್ಕೆ 7.2 ಆಂಪಿಯರ್-ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35ರ ಆಸುಪಾಸು. ಐದು ದಿನಕ್ಕೆ ಪೂರ್ತಿ ಖಾಲಿ, ಸ್ಟಾರ್ಟ್ ಆಗದಷ್ಟು ಇಳಿಯಲು ಅಷ್ಟು ದಿನವೂ ಬೇಡ. ತಳ್ಳಲು ಬಂದ ವಾಚ್‌ಮನ್ ಕಾಕಾ ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಫ್ಯೂಸ್ ಟ್ಯಾಪ್ ಅಂತ ಒಂದು ಚಿಕ್ಕ ಸಾಮಾನು ಬರುತ್ತದೆ. ಫ್ಯೂಸ್ ಬಾಕ್ಸಿನಲ್ಲಿ ಒಂದು ಫ್ಯೂಸ್ ತೆಗೆದು ಅದರ ಜಾಗದಲ್ಲಿ ಇದನ್ನು ಚುಚ್ಚಿದರೆ ಹೊಸ ಸಾಮಾನಿಗೆ ಅದರದ್ದೇ ಬೇರೆ ಫ್ಯೂಸ್ ಸಿಗುತ್ತದೆ. ಒಂದು ವೈರೂ ಕತ್ತರಿಸಬೇಕಿಲ್ಲ. ಡ್ಯಾಶ್‌ಕ್ಯಾಮ್ ಪಾರ್ಕಿಂಗಿನಲ್ಲೂ ಓಡಬೇಕು ಅಂದರೆ, ವೋಲ್ಟೇಜ್ 12ರ ಹತ್ತಿರ ಇಳಿದಾಗ ತಾನೇ ಬಂದ್ ಆಗುವ ಕಿಟ್ ಕೇಳಿ ತಗೊಳ್ಳಿ. ನಾನಾ ಪೇಠದ ಅಂಗಡಿಯಾದರೂ ಸರಿ, ಆನ್‌ಲೈನ್ ಆದರೂ ಸರಿ. ಏರ್‌ಬ್ಯಾಗ್ ಫ್ಯೂಸನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ.

ವಾರಂಟಿ ಪೂರ್ತಿ ಹೋಗುತ್ತಾ ಅಂತಲೂ ಮನಸ್ಸಲ್ಲಿ ಇದ್ದೇ ಇರುತ್ತದೆ. ಹೊರಗಿನ ಸಾಮಾನಿನಿಂದ ಆದ ಹಾನಿಗೆ ನಾವು ಜವಾಬ್ದಾರರಲ್ಲ ಅಂತ ವಾರಂಟಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ನಿಮ್ಮದನ್ನು ಒಮ್ಮೆ ತೆಗೆದು ಓದಿ. ಕ್ಯಾಮೆರಾ ಹಾಕಿದ್ದಕ್ಕೆ ಇಂಜಿನ್ ವಾರಂಟಿ ನಿರಾಕರಿಸುವುದು ಬೇರೆ, ಸುಟ್ಟ ವೈರಿನ ಪಕ್ಕ ಟೇಪ್ ಸುತ್ತಿದ ಜೋಡಣೆ ಕಂಡು ವೈರಿಂಗ್ ಕ್ಲೇಮ್ ನಿರಾಕರಿಸುವುದು ಬೇರೆ. ಎರಡನೆಯದಕ್ಕೆ ವಾದ ಮಾಡಿ ಗೆಲ್ಲೋದು ಕಷ್ಟ.

ಈ ಶನಿವಾರ ಕ್ಯಾಮೆರಾ ಅಂಗಡಿಗೆ ಹೋದಾಗ ಕೋಡಿಂಗ್ ಜೊತೆ ಇನ್ನೊಂದು ಕೆಲಸ ಮಾಡಿಸಿಕೊಳ್ಳಿ. ಯಾವ ವೈರು ಎಲ್ಲಿಂದ ತಗೊಂಡಿದ್ದಾನೆ, ಯಾವ ಸೆಟ್ಟಿಂಗ್ ಬದಲಿಸಿದ್ದಾನೆ ಅಂತ ಒಂದು ಚೀಟಿಯಲ್ಲಿ ಬರೆಸಿ, ಸ್ಕ್ರೀನಿನಲ್ಲಿ ಕಾಣುವ ಸಾಫ್ಟ್‌ವೇರ್ ವರ್ಷನ್ನಿನ ಫೋಟೋ ತೆಗೆದಿಡಿ. ನನ್ನ ಚೀಟಿ ಗ್ಲವ್ ಬಾಕ್ಸಿನಲ್ಲಿ ಪಿಯುಸಿ (ಹೊಗೆ ತಪಾಸಣೆ ಪತ್ರ) ಜೊತೆಗೇ ಇರುತ್ತದೆ. ಹೋದ ಸಲ ಸರ್ವಿಸಿಗೆ ಬಿಟ್ಟಾಗ ಅಲ್ಲಿಯ ಹುಡುಗ ಅದನ್ನು ಎರಡು ಸಲ ಓದಿ, ಅಪ್‌ಡೇಟಿಗೆ ಮೊದಲು ಡ್ಯಾಶ್‌ಕ್ಯಾಮ್ ಫ್ಯೂಸ್ ತಾನೇ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಹಾಕಿಕೊಟ್ಟ.